ಕೈತೋಟದ ಮಣ್ಣು ಪರೀಕ್ಷೆ: ಕಡಿಮೆ ಖರ್ಚಿನಲ್ಲಿ, ಸರಿಯಾಗಿ ಮಾಡಿಸುವುದು ಹೇಗೆ?

ದಾಸವಾಳದ ಎಲೆ ಹಳದಿಯಾದರೆ ನಾವು ಮೊದಲು ಮಾಡುವ ಕೆಲಸ ಏನು? ಅಂಗಡಿಗೆ ಹೋಗಿ ಒಂದು ಪ್ಯಾಕೆಟ್ ಗೊಬ್ಬರ ತರುವುದು. ಅದಕ್ಕೂ ಗಿಡ ಬಗ್ಗದಿದ್ದರೆ ಇನ್ನೊಂದು ಪ್ಯಾಕೆಟ್. ಆಮೇಲೆ ಯಾರೋ ಹೇಳಿದರು ಅಂತ ಬೂದಿ, ಮೊಟ್ಟೆ ಚಿಪ್ಪು, ಎಪ್ಸಮ್ ಸಾಲ್ಟ್. ಹೀಗೆ ಸುರಿಯುವ ದುಡ್ಡಿನಲ್ಲಿ ಮಣ್ಣನ್ನು ಒಮ್ಮೆ ಪರೀಕ್ಷೆ ಮಾಡಿಸಿಬಿಡಬಹುದು. ಎಷ್ಟೋ ಸಲ ದುಡ್ಡು ಕೊಡುವ ಅಗತ್ಯವೂ ಬೀಳುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಣ್ಣನ್ನು ಎಲ್ಲಿ ಪರೀಕ್ಷೆ ಮಾಡಿಸುತ್ತೀರಿ ಅನ್ನುವುದಕ್ಕಿಂತ ಹೇಗೆ ತೆಗೆದು ಕೊಡುತ್ತೀರಿ ಅನ್ನುವುದೇ ಜಾಸ್ತಿ ಮುಖ್ಯ. ಲ್ಯಾಬಿನವರು ಒಂದೊಂದು ಪರೀಕ್ಷೆಗೆ ಬಳಸುವುದು ಕೆಲವೇ ಗ್ರಾಂ ಮಣ್ಣು. ಅಷ್ಟು ಮಣ್ಣು ನಿಮ್ಮ ಇಡೀ ತೋಟದ ಪರವಾಗಿ ಮಾತಾಡಬೇಕು. ಗೊಬ್ಬರದ ಗುಂಡಿ ಪಕ್ಕದ ಮಣ್ಣು ಕೊಟ್ಟರೆ ಗೊಬ್ಬರದ ಗುಂಡಿಯ ರಿಪೋರ್ಟೇ ಬರುತ್ತದೆ. ಸರಿಯಾಗಿ ಮಣ್ಣು ತೆಗೆಯಲು ಒಂದು ಪೈಸೆಯೂ ಖರ್ಚಿಲ್ಲ, ಒಂದು ಬೆಳಗ್ಗೆ ಬಿಡುವಿದ್ದರೆ ಸಾಕು.

ಮೊದಲು: ಅದು ನೆಲದ ಮಣ್ಣಾ, ಕುಂಡದ ಮಣ್ಣಾ?

ಸರ್ಕಾರಿ ಲ್ಯಾಬುಗಳ ಲೆಕ್ಕವೆಲ್ಲ ಹೊಲದ ಮಣ್ಣಿಗೆ ಹೊಂದಿಸಿದ್ದು. ಕೋಕೋಪೀಟ್, ಎರೆಹುಳು ಗೊಬ್ಬರ, ಸ್ವಲ್ಪ ಕೆಂಪು ಮಣ್ಣು ಕಲಸಿ ತುಂಬಿದ ಕುಂಡದ ಮಿಶ್ರಣವನ್ನು ಅಲ್ಲಿಗೆ ಕೊಟ್ಟರೆ ಸಾವಯವ ಇಂಗಾಲ ಆಕಾಶ ಮುಟ್ಟುತ್ತದೆ. ಉಳಿದ ಅಂಕಿಗಳನ್ನು ಯಾವುದಕ್ಕೂ ಹೋಲಿಸಲು ಆಗುವುದಿಲ್ಲ. ಟೆರೇಸ್ ಮೇಲೆ ಬರೀ ಕುಂಡ ಇಟ್ಟವರಿಗೆ ಈ ಪರೀಕ್ಷೆ ಬೇಡ.

ಅವರಿಗೆ ಕುಡಿಯುವ ನೀರು ನೋಡುವ ಟಿಡಿಎಸ್ ಪೆನ್, ಅಂದರೆ ನೀರಿನಲ್ಲಿ ಕರಗಿದ ಲವಣ ಅಳೆಯುವ ಪೆನ್, ಸಾಕು. ಕುಂಡಕ್ಕೆ ಮಾಮೂಲಿಯಂತೆ ನೀರು ಹಾಕಿ. ಅರ್ಧ ಗಂಟೆ ಬಿಟ್ಟು ಇನ್ನೊಂದು ಲೋಟ ನೀರು ಹಾಕಿ, ಕೆಳಗಿನ ತೂತಿನಿಂದ ಇಳಿಯುವ ನೀರನ್ನು ತಟ್ಟೆಯಲ್ಲಿ ಹಿಡಿಯಿರಿ. ನಲ್ಲಿ ನೀರಿನ ಟಿಡಿಎಸ್ ಎಷ್ಟು, ಈ ನೀರಿನದ್ದು ಎಷ್ಟು ಅಂತ ನೋಡಿ. ಇಳಿದ ನೀರಿನ ಅಂಕಿ ತುಂಬಾ ಮೇಲಿದ್ದು, ಎಲೆಯ ಅಂಚೂ ಸುಟ್ಟಂತೆ ಕಾಣುತ್ತಿದ್ದರೆ ಉಪ್ಪು ಕೂತಿದೆ ಎಂದರ್ಥ. ಸ್ವಲ್ಪ ದಿನ ಗೊಬ್ಬರ ನಿಲ್ಲಿಸಿ. ಮಳೆನೀರು ಸಿಕ್ಕರೆ ಅದರಲ್ಲಿ, ಇಲ್ಲದಿದ್ದರೆ ಬರೀ ನೀರಿನಲ್ಲಿ, ಕುಂಡವನ್ನು ಚೆನ್ನಾಗಿ ತೊಳೆದುಬಿಡಿ.

ಇನ್ನು ಮುಂದಿನದ್ದೆಲ್ಲ ನೆಲದಲ್ಲಿ ಗಿಡ ಬೆಳೆಸುವವರಿಗೆ.

ಲ್ಯಾಬಿಗೆ ಹೋಗುವ ಮುಂಚೆ ಮನೆಯಲ್ಲೇ ನೋಡಬಹುದಾದ್ದು

ಮಣ್ಣು ಆರೋಗ್ಯ ಕಾರ್ಡ್, ಅಂದರೆ ಸರ್ಕಾರ ಕೊಡುವ ಮಣ್ಣು ಪರೀಕ್ಷೆಯ ರಿಪೋರ್ಟ್, ಪೋಷಕಾಂಶಗಳ ವಿಷಯ ಹೇಳುತ್ತದೆ. ನೀರು ಇಂಗುತ್ತದೋ ಇಲ್ಲವೋ, ಜೇಡಿ ಎಷ್ಟು, ಮರಳು ಎಷ್ಟು ಅನ್ನುವುದನ್ನು ಹೇಳುವುದಿಲ್ಲ. ಕೈತೋಟದಲ್ಲಿ ಗಿಡ ಸಾಯುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಅದನ್ನು ನೀವೇ ನೋಡಿಕೊಳ್ಳಬಹುದು.

ನೀರು ಇಂಗುವುದನ್ನು ನೋಡಲು ಒಂದು ಅಡಿ ಆಳದ ಗುಂಡಿ ತೆಗೆದು ತುಂಬಾ ನೀರು ಹಾಕಿ. ಅದು ಪೂರ್ತಿ ಇಂಗಿದ ಮೇಲೆ ಮತ್ತೆ ತುಂಬಿಸಿ. ಈ ಎರಡನೇ ಸಲದ್ದೇ ಲೆಕ್ಕ. ಗಂಟೆಗೆ ಒಂದರಿಂದ ಮೂರು ಇಂಚು ಇಳಿದರೆ ಚೆನ್ನಾಗಿದೆ. ಒಂದು ಇಂಚೂ ಇಳಿಯದಿದ್ದರೆ ಬೇರು ಕೊಳೆಯುವ ಜಾಗ ಅದು. ಅಲ್ಲಿ ಗೊಬ್ಬರ ಹಾಕುವ ಮೊದಲು ಮಡಿಯನ್ನು ಎತ್ತರಿಸಿ.

ಜೇಡಿ, ಮರಳು ತಿಳಿಯಲು ನೇರ ಗೋಡೆಯ ಗಾಜಿನ ಬಾಟಲಿ ಬೇಕು. ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಅಲುಗಾಡದ ಕಡೆ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ. ಅದಕ್ಕಿಂತ ನುಣುಪಾದ ಗೋಡು ಕೆಲವು ಗಂಟೆಯಲ್ಲಿ ಕೂರುತ್ತದೆ. ಜೇಡಿಗೆ ಒಂದು ದಿನ ಬೇಕು, ಕೆಲವು ಸಲ ಇನ್ನೂ ಜಾಸ್ತಿ. ಪದರಗಳನ್ನು ಸ್ಕೇಲಿನಲ್ಲಿ ಅಳೆದರೆ ಯಾವುದು ಎಷ್ಟು ಪಾಲು ಅಂತ ಗೊತ್ತಾಗುತ್ತದೆ.

ಸುಣ್ಣದ ಅಂಶಕ್ಕೆ ಅಡುಗೆಮನೆಯ ವಿನೆಗರ್ ಸಾಕು. ಒಣ ಮಣ್ಣಿನ ಮೇಲೆ ನಾಲ್ಕು ಹನಿ ಬಿಡಿ. ನೊರೆ ನೊರೆಯಾಗಿ ಗುಳ್ಳೆ ಎದ್ದರೆ ಸುಣ್ಣ ಇದೆ. ಬಯಲುಸೀಮೆಯ ಎರೆ ಮಣ್ಣಿನಲ್ಲಿ ಇದು ಸಹಜ. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಗುಳ್ಳೆ ಎದ್ದರೆ ಮನೆ ಕಟ್ಟಿದಾಗಿನ ಸಿಮೆಂಟು, ಗಾರೆ ಕೆಳಗೆ ಹೂತಿದೆಯೇ ಅಂತ ಅಗೆದು ನೋಡಿ. ಹೊಸ ಸೈಟುಗಳಲ್ಲಿ ಆರು ಇಂಚು ಕೆಂಪು ಮಣ್ಣಿನ ಕೆಳಗೆ ಬರೀ ಕಟ್ಟಡದ ಕಸ ಇರುವುದು ಹೊಸದೇನಲ್ಲ.

ರಸಸಾರ, ಅಂದರೆ ಪಿಎಚ್ (ಮಣ್ಣು ಹುಳಿಯೋ ಕ್ಷಾರವೋ ಅನ್ನುವ ಅಳತೆ) ನೋಡಲು ಪಿಎಚ್ ಪೇಪರ್ ಸಾಕು. 20 ಗ್ರಾಂ ಒಣ ಮಣ್ಣಿಗೆ 50 ಮಿಲಿ ಡಿಸ್ಟಿಲ್ಡ್ ವಾಟರ್ ಹಾಕಿ, ಅರ್ಧ ಗಂಟೆ ಆಗಾಗ ಕಲಕುತ್ತಾ ಇರಿ. ಮಣ್ಣು ಕೆಳಗೆ ಕೂತ ಮೇಲೆ ಮೇಲಿನ ತಿಳಿಯಲ್ಲಿ ಪೇಪರ್ ಅದ್ದಿ. ನಲ್ಲಿ ನೀರು ಬಳಸಿದರೆ ಅದರ ಗುಣವೇ ಅಂಕಿಯಲ್ಲಿ ಸೇರಿಕೊಳ್ಳುತ್ತದೆ. ಇನ್ನು ಮಣ್ಣಿಗೆ ಚುಚ್ಚಿದರೆ ಮುಳ್ಳು ತಿರುಗುವ ಆ 'ಮೂರರಲ್ಲಿ ಒಂದು' ಮೀಟರ್ ಆನ್‌ಲೈನಿನಲ್ಲಿ ಸಿಗುತ್ತದಲ್ವಾ, ಅದನ್ನು ದಯವಿಟ್ಟು ಕೊಳ್ಳಬೇಡಿ. ಮಣ್ಣು ಒದ್ದೆಯಾದಂತೆ ಅದು ತೋರಿಸುವ ಅಂಕಿಯೂ ಬದಲಾಗುತ್ತದೆ.

ಮಣ್ಣು ತೆಗೆಯುವುದು

*ಯಾವಾಗ?* ಬೆಳೆ ಮುಗಿದು ಮುಂದಿನದು ಹಾಕುವ ಮುಂಚೆ. ಮುಂಗಾರಿಗೆ ಗಿಡ ಹಾಕುವವರು ಫೆಬ್ರವರಿ, ಮಾರ್ಚಿನಲ್ಲೇ ತೆಗೆದರೆ ಒಳ್ಳೆಯದು. ಮೇ ಬಂತೆಂದರೆ ರೈತರ ಮಾದರಿಗಳು ರಾಶಿ ಬೀಳುತ್ತವೆ, ನಿಮ್ಮ ಸರದಿ ಹಿಂದೆ ಬೀಳುತ್ತದೆ. ಗೊಬ್ಬರ ಅಥವಾ ಸುಣ್ಣ ಹಾಕಿ ಕನಿಷ್ಠ ಎರಡು ಮೂರು ತಿಂಗಳಾದರೂ ಆಗಿರಬೇಕು. ಮಳೆ ಬಂದು ಕೆಸರಾಗಿದ್ದರೆ ಕಾಯಿರಿ.

*ಯಾವುದರಲ್ಲಿ?* ಸಲಿಕೆ, ಗುದ್ದಲಿ ಅಥವಾ ಕೈ ಕುರ್ಪಿ. ತುಕ್ಕು ಹಿಡಿದದ್ದು ಬೇಡ. ಮಣ್ಣು ಕೂಡಿಡಲು ಪ್ಲಾಸ್ಟಿಕ್ ಬಕೆಟ್ ತೆಗೆದುಕೊಳ್ಳಿ. ಹಳೆಯ ತಗಡಿನ ಬಕೆಟಿಗೆ ಸತುವಿನ ಲೇಪ ಇರುತ್ತದೆ, ಅದರ ಸತು ಮಣ್ಣಿಗೆ ಸೇರಿ ರಿಪೋರ್ಟಿನಲ್ಲಿ ಕಾಣಿಸಿಕೊಳ್ಳಬಹುದು. ಯೂರಿಯಾ ಚೀಲ, ಸಿಮೆಂಟ್ ಚೀಲ ಎಷ್ಟು ಕೊಡವಿದರೂ ಬೇಡ.

*ಎಲ್ಲಿಂದ?* ಇಲ್ಲಿ ಸ್ವಲ್ಪ ಯೋಚಿಸಬೇಕು. ಮುಂದಿನ ಅಂಗಳದಲ್ಲಿ ಗುಲಾಬಿ, ಹಿತ್ತಲಲ್ಲಿ ಬಾಳೆಗೆ ಪಾತ್ರೆ ತೊಳೆದ ನೀರು, ಪಕ್ಕದಲ್ಲಿ ವರ್ಷವರ್ಷವೂ ಗೊಬ್ಬರ ಕಂಡ ತರಕಾರಿ ಮಡಿ. ಇವು ಮೂರೂ ಬೇರೆ ಬೇರೆ ಮಣ್ಣು. ಮೂರನ್ನೂ ಕಲಸಿ ಕೊಟ್ಟರೆ ಬರುವ ಸರಾಸರಿ ಯಾವ ಜಾಗಕ್ಕೂ ಹೊಂದುವುದಿಲ್ಲ. ಮೂರು ಮಾದರಿ ಕೊಡುವುದು ದುಬಾರಿ ಅನಿಸಿದರೆ, ತಿನ್ನುವುದನ್ನು ಬೆಳೆಯುವ ಮಡಿಯದ್ದೊಂದನ್ನೇ ಕೊಡಿ.

ಆ ಮಡಿಯೊಳಗೆ ಅಂಕುಡೊಂಕಾಗಿ ನಡೆದು ಐದಾರು ಕಡೆ ಗುರುತು ಮಾಡಿ. ಅರ್ಧ ಎಕರೆ, ಒಂದೆಕರೆ ತೋಟವಾದರೆ ಹತ್ತು ಹದಿನೈದು ಕಡೆ ಬೇಕು. ಗೋಡೆ ಬುಡ, ದಾರಿ ಅಂಚು, ಮರದ ನೆರಳು, ನೀರು ನಿಲ್ಲುವ ತಗ್ಗು, ಎಲೆ ಕಸ ಸುಟ್ಟ ಜಾಗ, ಗೊಬ್ಬರ ಗುಂಡಿಯ ಹತ್ತಿರ, ಇವನ್ನು ಬಿಟ್ಟುಬಿಡಿ.

*ಹೇಗೆ?* ಮೇಲಿನ ಕಸ, ಹುಲ್ಲು, ಒಣಗೆಲೆ ಸರಿಸಿ. ಮಣ್ಣನ್ನು ಮಾತ್ರ ಕೆರೆಯಬೇಡಿ. ಆರು ಇಂಚು, ಅಂದರೆ 15 ಸೆಂಟಿಮೀಟರ್ ಆಳಕ್ಕೆ ಇಂಗ್ಲಿಷಿನ ವಿ ಆಕಾರದಲ್ಲಿ ಗುಂಡಿ ತೆಗೆಯಿರಿ. ಆ ಮಣ್ಣು ಆಚೆ ಹಾಕಿ. ಈಗ ಗುಂಡಿಯ ಒಂದು ಬದಿಯಿಂದ ಮೇಲಿನಿಂದ ತಳದವರೆಗೆ ಒಂದೇ ದಪ್ಪಕ್ಕೆ, ಸುಮಾರು ಒಂದು ಇಂಚು, ಹೋಳಿನಂತೆ ಕೊಯ್ದು ಬಕೆಟಿಗೆ ಹಾಕಿ. ಮೇಲಿನ ಎರಡು ಇಂಚಿನಲ್ಲಿ ಪೋಷಕಾಂಶ ಜಾಸ್ತಿ ಇರುತ್ತದೆ. ಸುಮ್ನೆ ಮೇಲಿಂದ ಒಂದು ಹಿಡಿ ತೆಗೆದುಕೊಟ್ಟರೆ ರಿಪೋರ್ಟು ನಿಮ್ಮನ್ನು ಹೊಗಳಿ ಕಳಿಸುತ್ತದೆ, ಗಿಡ ಮಾತ್ರ ಹಾಗೇ ಇರುತ್ತದೆ.

ತೆಂಗು, ಮಾವು, ಸಪೋಟದಂಥ ಮರಗಳಿಗೆ ಆರು ಇಂಚು ಸಾಲದು. ಒಂದು ಅಡಿವರೆಗಿನದು, ಒಂದರಿಂದ ಎರಡು ಅಡಿ, ಎರಡರಿಂದ ಮೂರು ಅಡಿ ಎಂದು ಬೇರೆ ಬೇರೆ ಚೀಲದಲ್ಲಿ ಕೊಡಬೇಕು. ಇರುವುದು ಒಂದೇ ಮರವಾದರೆ ಅಷ್ಟು ಮಾಡುವುದು ವ್ಯರ್ಥ ಅಂತಲೇ ನನ್ನ ಅಭಿಪ್ರಾಯ.

*ಆಮೇಲೆ?* ಬಕೆಟಿನ ಮಣ್ಣನ್ನು ಸ್ವಚ್ಛ ಪ್ಲಾಸ್ಟಿಕ್ ಹಾಳೆ ಮೇಲೆ ಸುರಿದು, ಹೆಂಟೆ ಒಡೆದು, ಕಲ್ಲು, ಬೇರು ಆರಿಸಿ ಚೆನ್ನಾಗಿ ಕಲಸಿ. ದುಂಡಗೆ ಹರಡಿ ಬೆರಳಿನಲ್ಲಿ ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ಎತ್ತಿ ಆಚೆ ಹಾಕಿ. ಉಳಿದ ಎರಡನ್ನು ಮತ್ತೆ ಕಲಸಿ, ಮತ್ತೆ ನಾಲ್ಕು ಭಾಗ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ. ನೆರಳಲ್ಲಿ ಒಂದೆರಡು ದಿನ ಒಣಗಿಸಿ. ಬಿಸಿಲು ಬೇಡ, ಬಾಣಲೆಯಲ್ಲಿ ಹುರಿಯುವುದಂತೂ ಬೇಡವೇ ಬೇಡ.

ಬಟ್ಟೆ ಚೀಲಕ್ಕೋ ಹೊಸ ಪ್ಲಾಸ್ಟಿಕ್ ಕವರಿಗೋ ತುಂಬಿ. ಒಂದು ಚೀಟಿಯಲ್ಲಿ ಹೆಸರು, ಫೋನ್ ನಂಬರ್, ಊರು, ಮಣ್ಣು ತೆಗೆದ ದಿನ, ಆಳ, ಹಿಂದೆ ಏನು ಬೆಳೆದಿದ್ದಿರಿ, ಮುಂದೆ ಏನು ಬೆಳೆಯುತ್ತೀರಿ, ನೀರು ಬೋರ್‌ವೆಲ್ಲಿನದೋ ನಲ್ಲಿಯದೋ, ಇಷ್ಟನ್ನೂ ಬರೆಯಿರಿ. 'ಮುಂದೆ ಬೆಳೆಯುವುದು' ಅನ್ನುವ ಜಾಗ ಖಾಲಿ ಬಿಡಬೇಡಿ. ಗೊಬ್ಬರದ ಶಿಫಾರಸು ಬರುವುದು ಅದರ ಮೇಲೆ.

ಎಲ್ಲಿ ಕೊಡುವುದು?

ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಶುರುವಾಗಿದ್ದು 2015ರ ಫೆಬ್ರವರಿಯಲ್ಲಿ. ಕಾರ್ಡಿನಲ್ಲಿ 12 ಅಂಶಗಳು ಇರುತ್ತವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಯೋಜನೆಯಡಿ ಇಲಾಖೆಯವರೇ ಮಣ್ಣು ತೆಗೆದರೆ ರೈತರಿಗೆ ಖರ್ಚಿಲ್ಲ. ಆದರೆ ಇದು ಸರ್ವೆ ನಂಬರ್ ಇರುವ ಜಮೀನನ್ನು ಮನಸ್ಸಿನಲ್ಲಿಟ್ಟು ಮಾಡಿದ ಯೋಜನೆ. ಪಟ್ಟಣದ 30×40 ಸೈಟಿಗೆ ಪಹಣಿ ಎಲ್ಲಿಂದ ಬರಬೇಕು?

ಹಳ್ಳಿಯಲ್ಲಿ ನಿಮಗೋ ಮನೆಯವರಿಗೋ ಪಹಣಿ ಇದ್ದು ತೋಟವೂ ಅಲ್ಲೇ ಇದ್ದರೆ ಸುಲಭ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಪಹಣಿ ಪ್ರತಿ, ಆಧಾರ್ ಹಿಡಿದು ಹೋಗಿ ಕೃಷಿ ಅಧಿಕಾರಿಯನ್ನು ಕಂಡು, 'ಸರ್, ಈ ವರ್ಷ ನಮ್ಮೂರಲ್ಲಿ ಮಣ್ಣು ತೆಗೆಯುತ್ತೀರಾ?' ಅಂತ ಕೇಳಿ. ಪಟ್ಟಿಯಲ್ಲಿ ನಿಮ್ಮ ಊರು ಇಲ್ಲದಿದ್ದರೂ, ನಾನೇ ತಂದುಕೊಟ್ಟರೆ ಲ್ಯಾಬಿಗೆ ಕಳಿಸುತ್ತೀರಾ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಪಟ್ಟಣದವರಿಗೆ ನನ್ನ ಮೊದಲ ಸಲಹೆ ಕೃಷಿ ವಿಜ್ಞಾನ ಕೇಂದ್ರ. ಎಲ್ಲರೂ ಕೆವಿಕೆ ಅಂತಲೇ ಕರೆಯುತ್ತಾರೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿ, ತುಮಕೂರಿನ ಹಿರೇಹಳ್ಳಿ, ಮೈಸೂರು ಕಡೆ ಸುತ್ತೂರು, ಕೊಡಗಿನ ಗೋಣಿಕೊಪ್ಪ, ಉಡುಪಿಯ ಬ್ರಹ್ಮಾವರ, ಹೀಗೆ ಜಿಲ್ಲೆ ಜಿಲ್ಲೆಯಲ್ಲೂ ಇವೆ. ಇಲ್ಲಿ ಸಾಮಾನ್ಯವಾಗಿ ಪಹಣಿಗಿಂತ ಮಾದರಿ ಮುಖ್ಯ. ಶುಲ್ಕ ಇದ್ದರೆ, ಎಷ್ಟು ಅಂಶ ನೋಡಬೇಕು ಅನ್ನುವುದರ ಮೇಲೆ ಇರುತ್ತದೆ. ರಸಸಾರ, ಲವಣಾಂಶ, ಇಂಗಾಲ, ರಂಜಕ, ಪೊಟ್ಯಾಷ್ ಮಾತ್ರ ಕೇಳಿದರೆ ಕಡಿಮೆ, ಸತು, ಬೋರಾನ್ ಎಲ್ಲಾ ಸೇರಿಸಿದರೆ ಜಾಸ್ತಿ. ಮೊದಲ ಸಲ ಸಾಧ್ಯವಾದರೆ ಎಲ್ಲವನ್ನೂ ಮಾಡಿಸಿ. ಎರಡನೇ ಸಲಕ್ಕೆ ರಸಸಾರದಿಂದ ಪೊಟ್ಯಾಷ್‌ವರೆಗಿನ ಆ ಐದೇ ಸಾಕು.

ಬೆಂಗಳೂರಿನ ಜಿಕೆವಿಕೆ, ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಇಲ್ಲೆಲ್ಲಾ ಮಣ್ಣು ನೋಡುವ ಲ್ಯಾಬುಗಳಿವೆ. ಕೃಷಿ ಮೇಳಕ್ಕೆ ಹೇಗೂ ಹೋಗುತ್ತೀರಾದರೆ ಮಣ್ಣು ವಿಜ್ಞಾನದ ಮಳಿಗೆಯಲ್ಲಿ ನಿಂತು ಮಾತಾಡಿ ಬನ್ನಿ. ಮೇಳದ ಗದ್ದಲದಲ್ಲಿ ಪರೀಕ್ಷೆ ಆಗದಿದ್ದರೂ, ಯಾರಿಗೆ ಯಾವ ದಿನ ಕೊಡಬೇಕು ಅನ್ನುವುದು ಅಲ್ಲೇ ತಿಳಿಯುತ್ತದೆ.

ಹೊರಡುವ ಮುಂಚೆ ಕಿಸಾನ್ ಕಾಲ್ ಸೆಂಟರಿಗೆ ಒಂದು ಫೋನ್ ಮಾಡಿ. 1800-180-1551, ಉಚಿತ ಕರೆ, ಕನ್ನಡದಲ್ಲೇ ಮಾತಾಡಬಹುದು. ಹತ್ತಿರದ ಲ್ಯಾಬ್ ಯಾವುದು ಅಂತ ಕೇಳಿಕೊಳ್ಳಿ.

ಗೊಬ್ಬರ ಮಾರುವವರು 'ಫ್ರೀ ಮಣ್ಣು ಪರೀಕ್ಷೆ' ಮಾಡಿಕೊಡುವುದೂ ಉಂಟು. ಅಂಕಿಗಳನ್ನು ತೆಗೆದುಕೊಳ್ಳಿ. ಜೊತೆಗೆ ಕೊಡುವ ಖರೀದಿ ಪಟ್ಟಿಯನ್ನು ಮನೆಗೆ ತಂದು ನಿಧಾನವಾಗಿ ಓದಿ.

ಅಮೆರಿಕದಲ್ಲಿರುವ ಕನ್ನಡಿಗರಿಗೊಂದು ಮಾತು: ಅಲ್ಲಿ ಬಹಳಷ್ಟು ರಾಜ್ಯಗಳಲ್ಲಿ ವಿಶ್ವವಿದ್ಯಾಲಯದ ಎಕ್ಸ್‌ಟೆನ್ಷನ್ ಕಚೇರಿಗಳ ಮೂಲಕ ಮನೆತೋಟದ ಮಣ್ಣನ್ನು ಕಡಿಮೆ ಶುಲ್ಕಕ್ಕೆ ಪರೀಕ್ಷೆ ಮಾಡಿಸಬಹುದು. ಪಹಣಿ ಕೇಳುವವರಿಲ್ಲ.

ರಿಪೋರ್ಟ್ ಓದುವುದು

ಮೊದಲು ನೋಡಬೇಕಾದ್ದು ರಸಸಾರ. 6.5ರಿಂದ 7.5ರ ಒಳಗಿದ್ದರೆ ನಿಶ್ಚಿಂತೆ. ಕರಾವಳಿ, ಮಲೆನಾಡಿನಲ್ಲಿ ಮಳೆ ಸುಣ್ಣವನ್ನು ತೊಳೆದೊಯ್ದು ಮಣ್ಣು ಹುಳಿಯಾಗಿರುತ್ತದೆ, 5ರ ಆಸುಪಾಸು ಬರುವುದು ಮಾಮೂಲು. ಅಲ್ಲಿ ಕೃಷಿ ಸುಣ್ಣ ಬೇಕು. ಎಷ್ಟು ಅಂತ ಲ್ಯಾಬಿನವರೇ ಹೇಳಬೇಕು. ಅದನ್ನು ಯೂರಿಯಾ ಜೊತೆ, ಹಸಿ ಗೊಬ್ಬರದ ಜೊತೆ ಒಟ್ಟಿಗೆ ಹಾಕಬೇಡಿ, ಎರಡು ಮೂರು ವಾರ ಅಂತರ ಕೊಡಿ. ಬಯಲುಸೀಮೆಯ ಕಪ್ಪು ಮಣ್ಣಿನಲ್ಲಿ 8 ದಾಟಿರುತ್ತದೆ. ಒಲೆ ಬೂದಿ ಶಿರಸಿಯ ಹಿತ್ತಲಿಗೆ ಔಷಧ, ವಿಜಯಪುರದ ಹಿತ್ತಲಿಗೆ ತೊಂದರೆ. ಮಣ್ಣು ನೋಡದೆ 'ಬೂದಿ ಹಾಕಿ' ಅನ್ನುವವರ ಮಾತು ಕೇಳಬಾರದು ಅನ್ನುವುದು ಇದಕ್ಕೇ.

ಆ ಹಳದಿ ದಾಸವಾಳದ ವಿಷಯಕ್ಕೆ ಬರೋಣ. ಹೊಸ ಎಲೆ ಹಳದಿ, ಅದರ ನರ ಮಾತ್ರ ಹಸಿರು ಅಂದರೆ ಸಾಮಾನ್ಯವಾಗಿ ಅದು ಕಬ್ಬಿಣದ ಕೊರತೆ. ಹಳೆಯ ಎಲೆ ಮೊದಲು ಪೂರ್ತಿ ಹಳದಿಯಾಗಿದ್ದರೆ ಸಾರಜನಕದ್ದು. ತಮಾಷೆ ಏನೆಂದರೆ ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟು ಇರುತ್ತದೆ, ನಮ್ಮ ಕೆಂಪು ಮಣ್ಣಿನ ಕೆಂಪೇ ಕಬ್ಬಿಣದ್ದು. ಗಡಸು ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ಹಾಕಿ ರಸಸಾರ ಏರಿದಾಗ ಬೇರಿಗೆ ಅದು ಎಟುಕುವುದಿಲ್ಲ. ಯೂರಿಯಾ ಹಾಕಿದರೆ ಹೋಗುವ ಹಳದಿ ಅಲ್ಲ ಇದು. ಫೆರಸ್ ಸಲ್ಫೇಟನ್ನು ಲೀಟರಿಗೆ 5 ಗ್ರಾಂ, ಜೊತೆಗೆ ಒಂದು ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದರೆ ಕೆಲವು ದಿನದಲ್ಲಿ ಹಸಿರು ಮರಳುತ್ತದೆ. ಶಾಶ್ವತ ದಾರಿ ಎಂದರೆ ಮಳೆನೀರು ಮತ್ತು ಕೊಟ್ಟಿಗೆ ಗೊಬ್ಬರ.

ಲವಣಾಂಶ, ರಿಪೋರ್ಟಿನಲ್ಲಿ ಇ.ಸಿ. ಅಂತ ಇರುತ್ತದೆ, 1ಕ್ಕಿಂತ ಕಡಿಮೆ ಇದ್ದರೆ ಸರಿ. ಸಾವಯವ ಇಂಗಾಲ ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಒಳ್ಳೆಯದು. ಸಾರಜನಕದ ಅಂಕಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದು ಜೋರು ಮಳೆಗೆ ಅದು ಬದಲಾಗುತ್ತದೆ, ಕೆಲವು ಲ್ಯಾಬುಗಳು ಅದನ್ನು ಇಂಗಾಲದ ಅಂಕಿಯಿಂದಲೇ ಅಂದಾಜು ಮಾಡುತ್ತವೆ.

ರಂಜಕವನ್ನು ಮಾತ್ರ ಗಮನವಿಟ್ಟು ನೋಡಿ. ಕೋಳಿ ಗೊಬ್ಬರ, ಮೂಳೆ ಪುಡಿ, ಡಿಎಪಿ (ರಂಜಕ ಇರುವ ರಾಸಾಯನಿಕ ಗೊಬ್ಬರ) ಕಂಡ ಹಳೆಯ ಕೈತೋಟಗಳಲ್ಲಿ ಇದು ಮಿತಿ ಮೀರಿರಬಹುದು. ಹೆಕ್ಟೇರಿಗೆ 56 ಕಿಲೋ ದಾಟಿದರೆ 'ಹೆಚ್ಚು' ಎಂಬ ಗುಂಪಿಗೆ ಸೇರುತ್ತದೆ. ರಂಜಕ ಅತಿಯಾದರೆ ಸತು, ಕಬ್ಬಿಣ ಗಿಡಕ್ಕೆ ಸರಿಯಾಗಿ ಸಿಗುವುದಿಲ್ಲ. ಇದಕ್ಕೆ ಪರಿಹಾರ ಪುಕ್ಕಟೆ: ರಂಜಕದ ಆ ಗೊಬ್ಬರಗಳನ್ನು ಹಾಕುವುದು ನಿಲ್ಲಿಸಿ.

ಸತು 0.6 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಇಷ್ಟು ಪಾಲು), ಬೋರಾನ್ 0.5 ಪಿಪಿಎಂಗಿಂತ ಕಡಿಮೆ ಇದ್ದರೆ ಕೊರತೆ. ಗಂಧಕಕ್ಕೆ ಈ ಗೆರೆ 10 ಪಿಪಿಎಂ. 2009ರಲ್ಲಿ ಹೈದರಾಬಾದ್ ಬಳಿಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ರಾಜ್ಯ ಸರ್ಕಾರ ಶುರು ಮಾಡಿದ ಭೂಚೇತನ ಕಾರ್ಯಕ್ರಮದಲ್ಲಿ ರಾಜ್ಯದ ಹೊಲಗಳ ಮಣ್ಣು ನೋಡಿದಾಗ ಇವೇ ಮೂರರ ಕೊರತೆ ಎದ್ದು ಕಂಡಿತ್ತು.

ಹೆಕ್ಟೇರಿನ ಕಿಲೋ, ನಿಮ್ಮ ಮಡಿಯ ಗ್ರಾಂ

ಶಿಫಾರಸು ಬರುವುದು ಹೆಕ್ಟೇರಿಗೋ ಎಕರೆಗೋ ಇಷ್ಟು ಕಿಲೋ ಅಂತ. ಕೈತೋಟದವರು ರಿಪೋರ್ಟನ್ನು ಮಡಚಿಡುವುದು ಇಲ್ಲೇ. ಲೆಕ್ಕ ಬಹಳ ಸುಲಭ. ಹೆಕ್ಟೇರಿಗೆ ಎಷ್ಟು ಕಿಲೋ ಅಂತ ಇದೆಯೋ, 10×10 ಅಡಿ ಮಡಿಗೆ ಹೆಚ್ಚುಕಡಿಮೆ ಅಷ್ಟೇ ಗ್ರಾಂ. ಎಕರೆ ಲೆಕ್ಕದಲ್ಲಿದ್ದರೆ 25ರಿಂದ ಗುಣಿಸಿ, ಒಂದು ಗುಂಟೆಗೆ ಎಷ್ಟು ಗ್ರಾಂ ಅಂತ ಸಿಗುತ್ತದೆ.

ಸತುವಿನ ಸಲ್ಫೇಟ್ ಹೆಕ್ಟೇರಿಗೆ 25 ಕಿಲೋ ಅಂದರೆ ನಿಮ್ಮ ಮಡಿಗೆ 23–25 ಗ್ರಾಂ. ಬೋರಾಕ್ಸ್ ಹೆಕ್ಟೇರಿಗೆ 10 ಕಿಲೋ ಅಂದರೆ 10 ಗ್ರಾಂ, ಅದಕ್ಕಿಂತ ಒಂದು ಚಿಟಿಕೆಯೂ ಜಾಸ್ತಿ ಬೇಡ. ಬೋರಾನಿನಲ್ಲಿ ಸಾಕಷ್ಟು ಮತ್ತು ವಿಷ ಎರಡರ ನಡುವಿನ ಅಂತರ ತುಂಬಾ ಕಿರಿದು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬಕೆಟ್ ಒಣ ಮರಳಿನಲ್ಲಿ ಕಲಸಿ ಎರಚಿದರೆ ಎಲ್ಲಾ ಕಡೆ ಸಮನಾಗಿ ಬೀಳುತ್ತದೆ.

ಶಿಫಾರಸು 'ಸಾರಜನಕ 100 ಕಿಲೋ' ಅಂತ ಇದ್ದರೆ ಅದು ಯೂರಿಯಾ ತೂಕ ಅಲ್ಲ. ಯೂರಿಯಾದಲ್ಲಿ ಶೇ. 46 ಮಾತ್ರ ಸಾರಜನಕ. ಹಾಗಾಗಿ ಮಡಿಗೆ ಸುಮಾರು 200 ಗ್ರಾಂ ಯೂರಿಯಾ, ಅದೂ ಎರಡು ಮೂರು ಕಂತಿನಲ್ಲಿ. ಕೊಟ್ಟಿಗೆ ಗೊಬ್ಬರ ಹಾಕುತ್ತಿದ್ದರೆ ಇದರಲ್ಲಿ ಕಡಿತ ಮಾಡಿ.

ಮಾಮೂಲಿ ಪರೀಕ್ಷೆ ಹೇಳದೇ ಇರುವುದು

ಸೀಸ, ಕ್ಯಾಡ್ಮಿಯಂ ಥರದ ಭಾರಲೋಹಗಳು ಈ 12ರಲ್ಲಿ ಇಲ್ಲ. ಹಳೆಯ ಮನೆಯ ಗೋಡೆ, ಕಿಟಕಿಯ ಪೇಂಟ್ ಉದುರುವ ಕಡೆ, ಹಿಂದೆ ಗ್ಯಾರೇಜ್ ಅಥವಾ ಬ್ಯಾಟರಿ ಅಂಗಡಿ ಇದ್ದ ಜಾಗದಲ್ಲಿ, ಕಾರ್ಖಾನೆ ನೀರು ಸೇರುವ ಕಾಲುವೆ ಪಕ್ಕದಲ್ಲಿ ತೋಟ ಇದ್ದರೆ ಯೋಚಿಸಲೇಬೇಕು. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪೇಂಟಿನಲ್ಲಿ ಏನಿತ್ತು ಅಂತ ಹೇಳಲಾಗದು. ಭಾರಲೋಹದ ಪರೀಕ್ಷೆಯನ್ನು ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸಿ ಒಪ್ಪುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಖಾಸಗಿ ಲ್ಯಾಬುಗಳಲ್ಲಿ ಮಾಡಿಸಬಹುದು, ಇದು ಮಾತ್ರ ಅಗ್ಗ ಅಲ್ಲ. ಅನುಮಾನ ಇದ್ದು ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಅಲ್ಲಿ ಹೂವಿನ ಗಿಡ ಹಾಕಿ. ಸೊಪ್ಪು, ಮೂಲಂಗಿ, ಕ್ಯಾರೆಟ್ ಬೇರೆ ಕಡೆಯಿಂದ ತಂದ ಮಣ್ಣಿನ ಎತ್ತರದ ಮಡಿಯಲ್ಲಿ ಬೆಳೆಯಿರಿ.

ಮಣ್ಣಿನ ಜೊತೆಗೆ ನೀರನ್ನೂ ಕೊಡಲು ಆದರೆ ಕೊಡಿ. ಬೋರ್‌ವೆಲ್ ಹತ್ತು ನಿಮಿಷ ಓಡಿದ ಮೇಲೆ, ಅದೇ ನೀರಿನಲ್ಲಿ ಎರಡು ಸಲ ತೊಳೆದ ಬಾಟಲಿಯಲ್ಲಿ ಒಂದು ಲೀಟರ್ ಹಿಡಿದು ಅದೇ ದಿನ ಲ್ಯಾಬಿಗೆ ತಲುಪಿಸಿ.

ಮತ್ತೆ ಯಾವಾಗ ಪರೀಕ್ಷೆ? ಎರಡು ಮೂರು ವರ್ಷಕ್ಕೊಮ್ಮೆ ಸಾಕು. ಆದರೆ ಅದೇ ತಿಂಗಳಲ್ಲಿ, ಅದೇ ಆಳಕ್ಕೆ ತೆಗೆಯಿರಿ, ಆದಷ್ಟೂ ಅದೇ ಲ್ಯಾಬಿಗೆ ಕೊಡಿ. ಲ್ಯಾಬ್ ಬದಲಾದರೆ ವಿಧಾನವೂ ಬದಲಾಗಿ, ಏರಿದ್ದು ಇಳಿದದ್ದು ಮಣ್ಣೋ ಲೆಕ್ಕವೋ ಅಂತ ತಿಳಿಯುವುದಿಲ್ಲ. ರಿಪೋರ್ಟಿನ ಫೋಟೋ ತೆಗೆದಿಟ್ಟುಕೊಂಡು, ಆ ವರ್ಷ ಮಡಿಗೆ ಏನೇನು ಎಷ್ಟು ಹಾಕಿದಿರಿ ಅನ್ನುವುದನ್ನೂ ಅದರ ಜೊತೆಗೇ ಬರೆದಿಡಿ.